ಮಿಲಿಟರಿ ಟ್ರೇಲರ್‌ನ ಬ್ರೇಕ್ ಸಾಮಾನನ್ನು ಹೆಸರು ಹೇಳಿ ಕೇಳಬೇಡಿ, ಅಳತೆ ಹೇಳಿ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಭಾಗದ ಕಾಫಿ ತೋಟಗಳಲ್ಲಿ ಹಳೆಯ ಜೀಪಿನ ಹಿಂದೆ ಕೊಂಡಿ ಹಾಕಿಕೊಂಡು ಓಡಾಡುವ ಎರಡು ಚಕ್ರದ ಮಿಲಿಟರಿ ಟ್ರೇಲರ್‌ಗಳು ಈಗಲೂ ಅಲ್ಲಲ್ಲಿ ಉಳಿದಿವೆ. ನಾನು ಕಂಡವುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇಲ್ಲ. ಮೊದಲು ಇತ್ತು, ಕೆಟ್ಟ ಮೇಲೆ ಕಿತ್ತುಹಾಕಿದ್ದಾರೆ. ಯಾಕೆಂದು ಕೇಳಿದರೆ ಮಾಲೀಕರದೂ ಒಂದೇ ಉತ್ತರ, ಗ್ಯಾರೇಜಿನ ಮೇಸ್ತ್ರಿಯದೂ ಅದೇ ಉತ್ತರ: ‘ಮಿಲಿಟರಿ ಸಾಮಾನು, ಪಾರ್ಟ್ಸ್ ಸಿಗುವುದಿಲ್ಲ’. ಕಳೆದ ವರ್ಷದವರೆಗೆ ನಾನೂ ಇದೇ ಮಾತನ್ನು ಹೇಳಿಕೊಂಡು ತಿರುಗುತ್ತಿದ್ದೆ. ಈ ಮಾತಿನಲ್ಲಿ ಮುಕ್ಕಾಲು ಪಾಲು ಸುಳ್ಳಿದೆ ಎಂಬುದು ಸ್ವಂತ ಓಡಾಟದಿಂದ ಗೊತ್ತಾದ ಮೇಲೆ, ಅದನ್ನು ನಂಬಿ ಕೂತಿರುವ ಇತರ ಬೆಳೆಗಾರರಿಗೂ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯ ಟ್ರೇಲರ್ ಅಜ್ಜನ ಕಾಲದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಸಾಮಗ್ರಿಗಳು ಹರಾಜಾದವಲ್ಲ, ಆಗ ಕೊಂಡವರೊಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದು, ಕೊನೆಗೆ ನಮ್ಮ ಕಣದ ಮೂಲೆಯಲ್ಲಿ ನಿಂತದ್ದು. ಬಕೆಟ್ಟಿನ ಹಾಗೆ ಕೀಲುಬಾಗಿಲಿಲ್ಲದ ಒಂದೇ ತೊಟ್ಟಿ, ತಳದಲ್ಲಿ ನೀರು ಬಿಡಲು ಬಿರಡೆ, ಮುಂದೆ ಜೀಪಿನ ಕೊಕ್ಕೆಗೆ ಸಿಕ್ಕಿಸುವ ದಪ್ಪ ಕಬ್ಬಿಣದ ಬಳೆ. ಹೊಳೆ ದಾಟುವಾಗ ತೇಲಲಿ ಎಂದೇ ತೊಟ್ಟಿಯನ್ನು ನೀರು ನುಗ್ಗದಂತೆ ಕಟ್ಟಿದ್ದರಂತೆ. ನಮ್ಮಲ್ಲಿ ಅದು ತೇಲಿದ್ದನ್ನು ಯಾರೂ ಕಂಡಿಲ್ಲ, ಮಳೆಗಾಲದಲ್ಲಿ ಬಿರಡೆ ತೆಗೆಯಲು ಮರೆತಾಗ ತುಂಬಿ ನಿಂತಿದ್ದನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ಈ ಜಾತಿಯ ಟ್ರೇಲರ್‌ಗೆ ಓಡುವಾಗ ಹಿಡಿಯುವ ಬ್ರೇಕ್ ಇರುವುದೇ ಇಲ್ಲ. ಕೊಂಡಿ ಹಾಕಿದಾಗ ಅದನ್ನು ನಿಲ್ಲಿಸುವ ಕೆಲಸವೆಲ್ಲ ಜೀಪಿನದು. ಇರುವುದು ಒಂದು ಹ್ಯಾಂಡ್ ಬ್ರೇಕ್. ಮುಂಭಾಗದ ಸನ್ನೆ ಎಳೆದರೆ ಕೇಬಲ್ ಬಿಗಿದು, ಎರಡೂ ಚಕ್ರದ ಡ್ರಮ್ಮಿನೊಳಗಿನ (ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು) ಶೂಗಳು, ಅಂದರೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳು, ಅಗಲಿ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ಅಷ್ಟೇ ತಾನೇ, ಅದಿಲ್ಲದಿದ್ದರೇನು ಎಂದು ಬಯಲುಸೀಮೆಯವರು ಕೇಳಬಹುದು. ಒಂದಡಿ ಸಮತಟ್ಟಾದ ಜಾಗ ಹುಡುಕಬೇಕಾದ ನಮ್ಮ ಕಡೆ, ಕೊಂಡಿ ಬಿಚ್ಚಿದ ಮರುಕ್ಷಣದಿಂದ ಟ್ರೇಲರನ್ನು ಹಿಡಿದಿಡುವುದು ಆ ಹ್ಯಾಂಡ್ ಬ್ರೇಕ್ ಒಂದೇ. ಅದಿಲ್ಲದ ಕಡೆ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ನಾವೂ ಕೊಟ್ಟಿದ್ದೆವು. ಕಳೆದ ಕೊಯ್ಲಿನಲ್ಲಿ ಬೆಳಗಿನ ಮಂಜಿಗೆ ಒದ್ದೆಯಾಗಿದ್ದ ಕಲ್ಲು ಜಾರಿ, ಮೂಟೆ ತುಂಬಿದ್ದ ಟ್ರೇಲರ್ ಸದ್ದಿಲ್ಲದೆ ಹಿಂದಕ್ಕೆ ಸರಿದು, ಕಣದ ಅಂಚು ದಾಟಿ ನೀರಿನ ತೊಟ್ಟಿಗೆ ಬಡಿದು ನಿಂತಿತು. ಅದರ ದಾರಿಯಲ್ಲಿ ಕಾಫಿ ಹರವುತ್ತಿದ್ದ ಹೆಂಗಸು ಕುಂಟೆಯನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಹಾರಿದ್ದರಿಂದ ಉಳಿದರು. ಕುಂಟೆಯ ಹಿಡಿ ಎರಡು ತುಂಡಾಗಿತ್ತು.

ಆ ಸಂಜೆಯೇ ಬ್ರೇಕ್ ಸರಿಮಾಡಿಸಬೇಕೆಂದು ತೀರ್ಮಾನಿಸಿದೆ. ತೀರ್ಮಾನಕ್ಕೂ ಬ್ರೇಕ್ ಹಿಡಿಯುವುದಕ್ಕೂ ನಡುವೆ ಐದು ತಿಂಗಳು ಹೋಯಿತು. ಅದರಲ್ಲಿ ನಾಲ್ಕು ತಿಂಗಳು ಹೋದದ್ದು ನಾನು ತಪ್ಪಾಗಿ ಕೇಳುತ್ತಿದ್ದುದರಿಂದ.

ಮೊದಲ ತೊಡಕು ಚಕ್ರ ಬಿಚ್ಚುವುದರಲ್ಲೇ ಎದುರಾಯಿತು. ಬಲಚಕ್ರದ ನಟ್ಟುಗಳು ಪೈಪ್ ಹಾಕಿ ಒತ್ತಿದ ಮೇಲೆ ಬಂದವು. ಎಡಚಕ್ರದ ನಟ್ಟು ಮಾತ್ರ ಎಷ್ಟು ಬಲ ಹಾಕಿದರೂ ಕದಲಲಿಲ್ಲ. ಗ್ಯಾರೇಜಿನ ಹುಡುಗ ಇನ್ನೂ ಉದ್ದದ ಪೈಪ್ ತಂದು ತೂಗಿಬಿದ್ದ, ನಟ್ಟು ಕೂರುವ ಸರಳು, ಅಂದರೆ ಸ್ಟಡ್, ಒಂದು ಮುರಿಯಿತು. ಮುರಿದ ತುದಿಯನ್ನು ಒರೆಸಿ ನೋಡಿದರೆ ಅದರ ಮೇಲೆ ಇಂಗ್ಲಿಷಿನ ‘ಎಲ್’ ಅಕ್ಷರದ ಗುರುತು. ಯುದ್ಧಕಾಲದ ಜೀಪುಗಳ ಎಡಬದಿಯ ಚಕ್ರಗಳಿಗೆ ಎಡಮರೆಯ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ) ನಟ್ಟುಗಳಿರುತ್ತವೆ, ಅವನ್ನು ಬಿಚ್ಚಲು ಮಾಮೂಲಿ ನಟ್ಟನ್ನು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಬೇಕು. ಟ್ರೇಲರಿನದೂ ಹಾಗೆಯೇ. ನಾವು ಅರ್ಧ ಗಂಟೆ ಕಾಲ ಬೆವರು ಸುರಿಸಿ ನಟ್ಟನ್ನು ಬಿಗಿ ಮಾಡುತ್ತಿದ್ದೆವು. ಹಳೆಯ ಟ್ರೇಲರ್‌ಗೆ ಕೈಹಾಕುವವರು ಮೊದಲು ಸ್ಟಡ್ಡಿನ ತುದಿಯನ್ನು ಸೀಮೆಎಣ್ಣೆ ಹಾಕಿ ಒರೆಸಿ ನೋಡಬೇಕು.

ಡ್ರಮ್ ತೆಗೆದಾಗ ಒಳಗೆ ಕಣಜದ ಮಣ್ಣಿನ ಗೂಡೊಂದು ಗಟ್ಟಿಯಾಗಿ ಕೂತಿತ್ತು. ಶೂವಿನ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಮೇಲಿನ ಪದರ, ಸವೆದು ರಿವೆಟ್ಟಿನ ತಲೆಗಳು ಹೊರಬಂದು, ಡ್ರಮ್ಮಿನ ಒಳಮೈಯಲ್ಲಿ ಗೀರು ಹಾಕಿದ್ದವು. ಚಕ್ರದ ನಡುವಿನ ಹಬ್ಬಿನಲ್ಲಿ ಗ್ರೀಸನ್ನು ತಡೆಯುವ ಚರ್ಮದ ಸೀಲ್ ಒಣಗಿ ಬಿರಿದು, ಗ್ರೀಸೆಲ್ಲ ಲೈನಿಂಗಿಗೆ ಹರಿದು ಅದನ್ನು ನೆನೆಸಿತ್ತು. ಗ್ರೀಸ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಅದು ಎರಡು ದಿನ ಹಿಡಿದಂತೆ ಮಾಡಿ, ಬಿಸಿಯಾದೊಡನೆ ಒಳಗಿನ ಗ್ರೀಸನ್ನು ಮತ್ತೆ ಹೊರಕ್ಕೆ ಬಿಡುತ್ತದೆ. ಅದನ್ನು ಎಸೆಯುವುದೇ ಸರಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಡ್ರಮ್ ತೆಗೆದೊಡನೆ ಆ ಹುಡುಗ ಒಳಗಿನ ಬೂದು ಪುಡಿಗೆ ಗಾಳಿಯ ಪೈಪ್ ಹಿಡಿದ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ನಾರು ಉಸಿರಿನಲ್ಲಿ ಒಳಹೋದರೆ ಹತ್ತಾರು ವರ್ಷ ಕಳೆದ ಮೇಲೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಗಾಳಿ ಹೊಡೆಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡುವುದಕ್ಕೆ ಖರ್ಚೇನೂ ಇಲ್ಲ. ದಿನಕ್ಕೆ ನಾಲ್ಕು ಗಾಡಿಯ ಡ್ರಮ್ ತೆಗೆಯುವ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ಲೈನಿಂಗ್ ಕೊಳ್ಳುವಾಗಲೂ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ ಪಡೆಯಬೇಕು.

ಇನ್ನು ಹುಡುಕಾಟದ ವಿಷಯ. ಮಡಿಕೇರಿಯಲ್ಲಿ ಕೇಳಿದೆ, ಮೈಸೂರಿನಲ್ಲಿ ಕೇಳಿದೆ, ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಅಂಗಡಿಗಳಲ್ಲಿ ಕೇಳಿದೆ. ಕೌಂಟರಿನಲ್ಲಿ ಕೂತವರು ‘ಯಾವ ಗಾಡಿ ಸರ್?’ ಎನ್ನುತ್ತಾರೆ. ‘ಹಳೇ ಮಿಲಿಟರಿ ಟ್ರೇಲರ್’ ಎಂದ ಕೂಡಲೇ ಅವರ ಕಣ್ಣು ಪಕ್ಕದ ಗಿರಾಕಿಯ ಕಡೆ ಹೊರಳುತ್ತದೆ. ಅದು ಅವರ ತಪ್ಪಲ್ಲ. ಅವರ ಕಪಾಟುಗಳಲ್ಲಿ ಪೆಟ್ಟಿಗೆಗಳು ಕೂತಿರುವುದು ಗಾಡಿಯ ಹೆಸರಿನ ಪ್ರಕಾರ, ಮಿಲಿಟರಿ ಟ್ರೇಲರ್ ಎಂಬ ಹೆಸರಿನ ಕಪಾಟು ಯಾವ ಅಂಗಡಿಯಲ್ಲೂ ಇಲ್ಲ. ಹತಾಶೆಯಿಂದ ಮೊಬೈಲಿನಲ್ಲಿ ಹುಡುಕಿ, ‘ಜೀಪ್ ಬ್ರೇಕ್ ಶೂ’ ಎಂದು ಬರೆದಿದ್ದ ಕಡೆ ದುಡ್ಡು ಕಟ್ಟಿ ತರಿಸಿದೆ. ಬಂದದ್ದು 11 ಅಂಗುಲದ ಡ್ರಮ್ಮಿನ ಶೂ. ನಮ್ಮ ಡ್ರಮ್ಮಿನೊಳಗೆ ಅದನ್ನು ಇಳಿಸುವುದೆಂದರೆ ಒಂದು ಸೇರಿನ ಪಾತ್ರೆಯಲ್ಲಿ ಎರಡು ಸೇರು ಅಕ್ಕಿ ಬೇಯಿಸಿದ ಹಾಗೆ. ವಾಪಸು ತೆಗೆದುಕೊಳ್ಳಲು ಮಾರಾಟಗಾರರು ಒಪ್ಪಲಿಲ್ಲ. ಜೀಪ್ ಎಂಬ ಒಂದೇ ಹೆಸರಿನಲ್ಲಿ ದಶಕಗಳ ಕಾಲ ಬೇರೆಬೇರೆ ಅಳತೆಯ ಬ್ರೇಕುಗಳು ಬಂದಿವೆ ಎಂಬುದನ್ನು ತಿಳಿಯದೆ ದುಡ್ಡು ಕಟ್ಟಿದ್ದು ನನ್ನ ತಪ್ಪೂ ಹೌದು.

ದಾರಿ ತೋರಿಸಿದ್ದು ಟ್ರೇಲರಿನ ಮುಂಭಾಗದಲ್ಲಿದ್ದ ಅಂಗೈಯಗಲದ ಹಿತ್ತಾಳೆಯ ತಗಡು. ಏಳೆಂಟು ಪದರ ಬಣ್ಣದಡಿ ಮುಚ್ಚಿಹೋಗಿದ್ದ ಅದನ್ನು ಕೆರೆದು, ಅಮ್ಮ ದೀಪದ ಕಂಬ ಬೆಳಗುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದಾಗ, ಕಾಲು ಟನ್ನಿನ ಟ್ರೇಲರ್ ಎಂಬುದೂ ಬ್ಯಾಂಟಮ್ ಎಂಬ ಹೆಸರೂ ಹೊರೆಯ ಮಿತಿ 500 ಪೌಂಡ್ ಎಂಬುದೂ ಓದಲು ಬಂತು. ಬ್ಯಾಂಟಮ್ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಊರಿನ ಚಿಕ್ಕ ಕಾರು ಕಂಪನಿ. 1940ರ ಸೆಪ್ಟೆಂಬರಿನಲ್ಲಿ ಮೊತ್ತಮೊದಲ ಜೀಪಿನ ಮಾದರಿಯನ್ನು ಮಾಡಿ ಸೇನೆಗೆ ಒಪ್ಪಿಸಿದ್ದು ಅದೇ. ದೊಡ್ಡ ಗುತ್ತಿಗೆಗಳು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು, ಜೀಪ್ ಹುಟ್ಟಿಸಿದ ಕಂಪನಿಗೆ ಜೀಪಿನ ಹಿಂದೆ ಎಳೆಯುವ ಗಾಡಿ ಮಾಡುವ ಕೆಲಸ ಉಳಿಯಿತು. ಅಮೆರಿಕನ್ ಸೇನೆಯ ಬಿಡಿಭಾಗಗಳ ಪಟ್ಟಿಯಲ್ಲಿ ಜೀಪಿಗೆ ಜಿ-503 ಎಂಬ ಸಂಖ್ಯೆ, ಈ ಟ್ರೇಲರಿಗೆ ಜಿ-529. ಯುದ್ಧಭೂಮಿಯಲ್ಲಿ ಟ್ರೇಲರಿಗೆಂದು ಬೇರೆ ಟಯರು ಹೊತ್ತು ತಿರುಗುವ ಗೋಜು ಬೇಡವೆಂದು, ಅದರ ಚಕ್ರ ಮತ್ತು 6.00-16 ಟಯರುಗಳನ್ನು ಜೀಪಿನದನ್ನೇ ಇಟ್ಟಿದ್ದರು. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತದೆ. ಇದು ಹೊಳೆದ ಮೇಲೆ, ಚಕ್ರದೊಳಗಿನ ಸಾಮಾನೂ ಹಾಗೆಯೇ ಇರಬಹುದಲ್ಲವೇ ಎಂದು ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಹಿಡಿದು ಕೂತೆ.

ಡ್ರಮ್ಮಿನ ಒಳವ್ಯಾಸ 9 ಅಂಗುಲ, ಗೀರು ಬಿದ್ದ ಕಡೆ ಸ್ವಲ್ಪ ಹೆಚ್ಚು. ಶೂವಿನ ಅಗಲ 1¾ ಅಂಗುಲ. ಸವೆಯದ ಅಂಚಿನಲ್ಲಿ ಲೈನಿಂಗಿನ ದಪ್ಪ 3/16 ಅಂಗುಲ, ಅಂದರೆ ಐದು ಮಿಲಿಮೀಟರಿಗೆ ತುಸು ಕಡಿಮೆ. ಒಳಗಿನ ಬೇರಿಂಗನ್ನು ಒರೆಸಿದಾಗ ಅದರ ಮೇಲೆ 18590 ಎಂದೂ, ಹೊರಬಳೆಯ ಮೇಲೆ 18520 ಎಂದೂ ಕೊರೆದಿತ್ತು. ಯುದ್ಧಕಾಲದ ವಿಲ್ಲಿಸ್ ಜೀಪಿನ ಬ್ರೇಕ್ ಅಳತೆಯೂ ಚಕ್ರದ ಬೇರಿಂಗ್ ಸಂಖ್ಯೆಯೂ ಇವೇ. ಆ ಜೀಪಿನ ವಂಶದ ಗಾಡಿಗಳನ್ನು 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿ, ಮುಂದೆ ಇಲ್ಲಿಯೇ ತಯಾರಿಸಿ ದೇಶದ ಮೂಲೆಮೂಲೆಗೆ ಮಾರಿತು. ಆ ಗಾಡಿಗಳಿಗಾಗಿ ಸಾಮಾನು ಮಾಡುವವರೂ ಮಾರುವವರೂ ಇಂದಿಗೂ ಇದ್ದಾರೆ.

ಮರುವಾರ ಅದೇ ಬೀದಿಗೆ ಮತ್ತೆ ಹೋದೆ. ಈ ಸಲ ಗಾಡಿಯ ಹೆಸರು ಎತ್ತಲಿಲ್ಲ. ಬೇರಿಂಗ್ ಅಂಗಡಿಯಲ್ಲಿ ಚೀಟಿಯ ಮೇಲೆ ಎರಡು ಸಂಖ್ಯೆ ಬರೆದು ಕೊಟ್ಟೆ, ಐದು ನಿಮಿಷದಲ್ಲಿ ನಾಲ್ಕು ಜೊತೆ ಮೇಜಿನ ಮೇಲಿದ್ದವು. ಯಾವ ಗಾಡಿಗೆ ಎಂದು ಕೇಳಲೂ ಇಲ್ಲ. ಸೀಲಿನ ಅಂಗಡಿಯವರು ಹಳೆಯ ಸೀಲಿನ ಒಳಅಳತೆ, ಹೊರಅಳತೆ, ದಪ್ಪ ನೋಡಿ ರಬ್ಬರಿನದನ್ನು ಕೊಟ್ಟರು. ಲೈನಿಂಗಿನ ಅಂಗಡಿಯಲ್ಲಿ ‘9 ಅಂಗುಲದ ಡ್ರಮ್, 1¾ ಅಗಲ, 3/16 ದಪ್ಪ’ ಎಂದೆ. ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಹಳೆಯ ಶೂವನ್ನು ಒಮ್ಮೆ ತಿರುಗಿಸಿ ನೋಡಿ, ‘ಇದು ಹಳೇ ಜೀಪಿಂದು, ಮೊದಲೇ ಹೇಳಬಾರದೇ’ ಎಂದು ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿದರು. ಮೂರು ತಿಂಗಳ ಹಿಂದೆ ಅದೇ ಅಂಗಡಿಯಿಂದ ನಾನು ಬರಿಗೈಯಲ್ಲಿ ಮರಳಿದ್ದೆ.

ಶೂವಿನ ಕಬ್ಬಿಣವನ್ನು ಬದಲಿಸುವ ಅಗತ್ಯವೇ ಇರಲಿಲ್ಲ. ಸವೆಯುವುದು ಲೈನಿಂಗ್ ಮಾತ್ರ. ಬಾಗದ, ಬಿರುಕಿಲ್ಲದ ಹಳೆಯ ಶೂಗೆ ಹೊಸ ಲೈನಿಂಗನ್ನು ರಿವೆಟ್ ಮಾಡಿದರೆ ಸಾಕು, ಮತ್ತು ಟ್ರೇಲರಿನ ಮಟ್ಟಿಗೆ ಅದೇ ಮೇಲು. ಜೀಪಿನಲ್ಲಿ ಶೂಗಳನ್ನು ಅಗಲಿಸುವುದು ಎಣ್ಣೆಯ ಒತ್ತಡದ ಸಿಲಿಂಡರ್, ನಮ್ಮದರಲ್ಲಿ ಕೇಬಲ್ ಎಳೆಯುವ ಸನ್ನೆ. ಆ ಸನ್ನೆ ಕೂರಬೇಕಾದ ಜಾಗ ಹಳೆಯ ಶೂವಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ರಿವೆಟ್ಟನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗಳತ್ತ ಹೊಡೆಯಬೇಕು. ತುದಿಯಿಂದ ಹೊಡೆದುಕೊಂಡು ಬಂದರೆ ನಡುವೆ ಲೈನಿಂಗ್ ಉಬ್ಬಿ ನಿಲ್ಲುತ್ತದೆ, ಕಾಗದ ತೂರುವಷ್ಟು ಸಂದು ಉಳಿದರೂ ಅದು ಒಂದು ದಿನ ಅಲ್ಲೇ ಬಿರಿಯುತ್ತದೆ. ಡ್ರಮ್ಮಿನ ಗೀರುಗಳನ್ನು ಲೇತಿನಲ್ಲಿ ತೆಗೆಸಿದೆ. ವ್ಯಾಸವು ಮೂಲ ಅಳತೆಗಿಂತ ಒಂದೂವರೆ ಮಿಲಿಮೀಟರಿಗೂ ಮೀರಿ ಹೆಚ್ಚಾಗದಂತೆ ತೆಗೆಯಲು ಹೇಳಬೇಕು. ‘ಇನ್ನೊಂದು ಕಟ್ ಹಾಕಿ ಕನ್ನಡಿ ಮಾಡಿಬಿಡ್ತೀನಿ’ ಎನ್ನುವ ಲೇತಿನವರನ್ನು ಪಕ್ಕದಲ್ಲೇ ನಿಂತು ತಡೆಯಬೇಕಾಗುತ್ತದೆ, ಕನ್ನಡಿಯಾದ ಡ್ರಮ್ ತೆಳುವಾಗಿ ಕೊನೆಗೆ ಒಡೆಯುತ್ತದೆ.

ಕೇಬಲ್ ಮಾತ್ರ ನಿಜವಾಗಿಯೂ ಸಿಗಲಿಲ್ಲ. ಅದು ಜೀಪಿನದಲ್ಲ, ಟ್ರೇಲರಿನದೇ. ತುಕ್ಕು ಹಿಡಿದ ಹಳೆಯ ಕೇಬಲ್ಲನ್ನೇ ಮಾದರಿಯಾಗಿ ಒಯ್ದು, ಕೇಬಲ್ ಮಾಡಿಕೊಡುವ ಅಂಗಡಿಯಲ್ಲಿ ಒಳತಂತಿಯ ಉದ್ದ, ಹೊರಕವಚದ ಉದ್ದ, ಎರಡೂ ತುದಿಯ ಗುಂಡಿಗಳ ಗಾತ್ರ ಒಂದೊಂದನ್ನೂ ಅಳೆಸಿ ಮಾಡಿಸಿದೆ. ಹಾಗಾಗಿ ಹಳೆಯ ಕೇಬಲ್ ಎಷ್ಟೇ ಕೊಳೆತಿದ್ದರೂ ಗುಜರಿಗೆ ಹಾಕಬಾರದು, ತುಂಡಾಗಿದ್ದರೆ ತುಂಡುಗಳನ್ನೇ ಜೋಡಿಸಿ ಇಟ್ಟುಕೊಳ್ಳಬೇಕು. ಎರಡೂ ಬದಿ ಒಂದೇ ಉದ್ದವಿರದಿದ್ದರೆ ಒಂದು ಚಕ್ರ ಹಿಡಿದು ಇನ್ನೊಂದು ಉರುಳುತ್ತದೆ, ಇಳಿಜಾರಿನಲ್ಲಿ ಟ್ರೇಲರ್ ಅಡ್ಡಕ್ಕೆ ತಿರುಗಲು ಅಷ್ಟು ಸಾಕು. ತುಂಡಾದ ಕೇಬಲ್ಲಿಗೆ ಸೈಕಲ್ ಕ್ಲಾಂಪ್ ಹಾಕಿ ಬಿಗಿದಿರುವುದನ್ನೂ, ಬೆಸುಗೆ ಹಾಕಿಸಿರುವುದನ್ನೂ ನಾನು ಕಂಡಿದ್ದೇನೆ. ಬೆಸುಗೆಯ ಕಾವಿಗೆ ತಂತಿಯ ಗಡಸು ಹೋಗಿರುತ್ತದೆ. ಅಂಥದ್ದನ್ನು ನಂಬುವುದಕ್ಕಿಂತ ಕಲ್ಲನ್ನು ನಂಬುವುದು ವಾಸಿ.

ಹಿತ್ತಾಳೆಯ ತಗಡಿನಲ್ಲಿದ್ದ ಇನ್ನೊಂದು ಸಂಗತಿ ನನ್ನನ್ನು ಪೆಚ್ಚಾಗಿಸಿತು. 500 ಪೌಂಡ್ ಎಂದರೆ ಸುಮಾರು 227 ಕಿಲೋ, 50 ಕಿಲೋ ಮೂಟೆಯ ಲೆಕ್ಕದಲ್ಲಿ ನಾಲ್ಕೂವರೆ ಮೂಟೆ. ನಾವು ಅಜ್ಜನ ಕಾಲದಿಂದಲೂ ಹತ್ತು ಮೂಟೆ ಹೇರುತ್ತ ಬಂದಿದ್ದೇವೆ. ಹಳ್ಳಕೊಳ್ಳದಲ್ಲಿ ಓಡುವುದಕ್ಕೆ ಇಟ್ಟ ಮಿತಿ ಅದು, ಡಾಂಬರು ರಸ್ತೆಗೆ ತುಸು ಹೆಚ್ಚಾದೀತು ಎಂದು ವಾದಿಸಬಹುದು. ಆದರೆ ನಮ್ಮ ತೋಟದ ದಾರಿಗಳಲ್ಲಿ ಹಳ್ಳಕೊಳ್ಳ ಬಿಟ್ಟು ಬೇರೇನಿದೆ? ಓಡುವಾಗಿನ ಬ್ರೇಕ್ ಇಲ್ಲದ ಟ್ರೇಲರಿನಲ್ಲಿ ಹೇರಿದ ಪ್ರತಿ ಮೂಟೆಯ ತೂಕವನ್ನೂ ಇಳಿಜಾರಿನಲ್ಲಿ ಜೀಪಿನ ಆ 9 ಅಂಗುಲದ ಡ್ರಮ್ಮುಗಳೇ ತಡೆಯಬೇಕು. ಸಂಪಾಜೆ ಘಾಟಿಯಲ್ಲಿ ಹಿಂದಿನಿಂದ ಯಾರೋ ನೂಕಿದಂತಾಗುತ್ತದೆ ಎಂದು ನಮ್ಮ ಚಾಲಕ ವರ್ಷಗಟ್ಟಲೆ ಹೇಳಿದ್ದ, ನಾವು ನಕ್ಕಿದ್ದೆವು. ಈಗ ನಾಲ್ಕು ಮೂಟೆಗಿಂತ ಹೆಚ್ಚು ಹೇರುವುದಿಲ್ಲ, ಘಾಟಿಗೆ ಕೊಂಡೊಯ್ಯುವುದೂ ಇಲ್ಲ.

ಸಂಬಂಧಪಟ್ಟವರಲ್ಲಿ ಒಂದು ಕೋರಿಕೆ. ಸೇನೆಯಲ್ಲಿ ಬಳಕೆ ಮುಗಿದ ವಾಹನಗಳೂ ಟ್ರೇಲರ್‌ಗಳೂ ಇಂದಿಗೂ ಹರಾಜಿನಲ್ಲಿ ನಾಗರಿಕರ ಕೈಗೆ ಬರುತ್ತವೆ. ಕೊಂಡವರಿಗೆ ಸಿಗುವುದು ರಶೀದಿ ಮತ್ತು ಕಬ್ಬಿಣ. ಪ್ರತಿ ಟ್ರೇಲರಿನ ಜೊತೆ ಒಂದೇ ಒಂದು ಪುಟದ ವಿವರಪಟ್ಟಿಯನ್ನು ಕೊಟ್ಟರೂ ಎಷ್ಟೋ ಉಪಕಾರವಾಗುತ್ತದೆ. ಡ್ರಮ್ಮಿನ ವ್ಯಾಸ, ಲೈನಿಂಗಿನ ಅಗಲ ಮತ್ತು ದಪ್ಪ, ಬೇರಿಂಗ್ ಮತ್ತು ಸೀಲಿನ ಸಂಖ್ಯೆ, ಕೇಬಲ್ಲಿನ ಉದ್ದ, ಹೊರೆಯ ಮಿತಿ ಇಷ್ಟು ಇದ್ದರೆ ಸಾಕು. ಸೇನೆಯ ಕಾರ್ಯಾಗಾರಗಳು ಇದೇ ಅಳತೆಗಳನ್ನು ಹಿಡಿದು ಅವನ್ನು ರಿಪೇರಿ ಮಾಡಿಕೊಂಡು ಬಂದಿರುತ್ತವೆ, ಆದ್ದರಿಂದ ಹೊಸದಾಗಿ ಅಳೆಯುವ ಶ್ರಮವೂ ಇರಲಾರದು. ಇದರಲ್ಲಿ ರಹಸ್ಯವಾಗಿಡಬೇಕಾದ ಸಂಗತಿ ಯಾವುದೂ ನನಗೆ ಕಾಣುವುದಿಲ್ಲ. ಅಲ್ಲಿಯವರೆಗೆ ಕೊಂಡವರೇ ತಮ್ಮ ಟ್ರೇಲರಿನ ಅಳತೆಗಳನ್ನು ತೊಟ್ಟಿಯ ಒಳಮೈಗೆ ಬಣ್ಣದಲ್ಲಿ ಬರೆದಿಡಬಹುದು. ನಾನು ಬರೆಸಿದ್ದೇನೆ, ನೋಡಿದವರು ನಗುತ್ತಾರೆ.

ಹಾಗೆಂದು ನಮ್ಮ ಕೆಲಸ ಪೂರ್ತಿ ಮುಗಿದಿಲ್ಲ. ಹ್ಯಾಂಡ್ ಬ್ರೇಕಿನ ಸನ್ನೆಯನ್ನು ಎಳೆದಲ್ಲೇ ಹಿಡಿದು ನಿಲ್ಲಿಸುವ ಹಲ್ಲುಪಟ್ಟಿಯ ಮೂರು ಹಲ್ಲುಗಳು ಸವೆದುಹೋಗಿವೆ. ಅದಕ್ಕೆ ಸದ್ಯ ಒಂದು ಕೊಕ್ಕೆಸರಪಳಿ ಬಿಗಿದು, ಅದರ ಜೊತೆಗೆ ಕಲ್ಲನ್ನೂ ಕೊಡುತ್ತಿದ್ದೇವೆ. ಈ ಪಟ್ಟಿ ಸವೆಯದೆ ಉಳಿದಿರುವ ಕಾಲು ಟನ್ನಿನ ಟ್ರೇಲರ್ ಯಾರ ಬಳಿಯಾದರೂ ಇದ್ದರೆ, ಒಂದು ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಹಲ್ಲುಗಳ ಅಚ್ಚು ತೆಗೆದು, ಪಟ್ಟಿಯ ದಪ್ಪವನ್ನೂ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಬೇಕೆಂದು ವಿನಂತಿ. ಅಷ್ಟು ಸಿಕ್ಕರೆ ಉಳಿದದ್ದನ್ನು ಇಲ್ಲಿನ ಲೇತಿನವರು ಮಾಡಿಕೊಡಲು ಒಪ್ಪಿದ್ದಾರೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು